ನ್ಯೂಕ್ಲಿಯರ್ ಎಂಟೆಕ್ ಮುಗೀತು, ಹೊರಗಡೆ ಪಿಎಚ್‌ಡಿನಾ ಕೆಲಸನಾ? ಏಜೆಂಟ್ ಹೇಳೋದು ನಂಬ್ಬೋದಾ?

ಬೆಣ್ಣೆದೋಸೆ25:

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವ್ನು, ವಿಟಿಯುನಲ್ಲಿ ಬಿಇ ಮೆಕ್ಯಾನಿಕಲ್ ಮಾಡಿ ಆಮೇಲೆ ಗುಜರಾತ್‌ಗೆ ಹೋಗಿ ನ್ಯೂಕ್ಲಿಯರ್ ಇಂಜಿನಿಯರಿಂಗ್ ಎಂಟೆಕ್ ಮಾಡ್ದೆ, ಈ ಜೂನ್‌ಗೆ ಮುಗೀತು, ಸಿಜಿಪಿಎ 8.3. ಥೀಸಿಸ್ ಪಿಎಚ್‌ಡಬ್ಲ್ಯೂಆರ್ (ಭಾರಜಲದ ರಿಯಾಕ್ಟರ್) ಚಾನಲ್ ಒಳಗೆ ಫ್ಯುಯಲ್ ಬಂಡಲ್ ಸುತ್ತ ನೀರಿನ ಹರಿವು, ಹೀಟ್ ಟ್ರಾನ್ಸ್‌ಫರ್ ಮೇಲೆ, ಎಲ್ಲ ಓಪನ್‌ಫೋಮ್ ಅನ್ನೋ ಸಿಎಫ್‌ಡಿ (ಹರಿವಿನ ಲೆಕ್ಕ ಹಾಕೋ) ಸಾಫ್ಟ್‌ವೇರ್‌ನಲ್ಲೇ ಮಾಡಿದ್ದು. ಒಂದು ಕಾನ್ಫರೆನ್ಸ್ ಪೇಪರ್ ಇದೆ, ಜರ್ನಲ್ ಯಾವ್ದೂ ಇಲ್ಲ.

ಈಗ ಮನೇಲಿ ಕೂತಿದೀನಿ. ಬೆಂಗಳೂರಲ್ಲಿ ಒಬ್ರು ಕನ್ಸಲ್ಟೆನ್ಸಿಯವ್ರ ಹತ್ರ ಹೋದ್ರೆ ಅಮೆರಿಕಾಗೆ ಹೋಗಿ ಇನ್ನೊಂದು ಎಂಎಸ್ ಮಾಡಿ, ಅಲ್ಲಿ ಈಗ ಎಐ ಡೇಟಾ ಸೆಂಟರ್‌ಗೋಸ್ಕರ ರಿಯಾಕ್ಟರ್ ಕಂಪನಿಗಳು ನಾಯಿಕೊಡೆ ಥರ ಏಳ್ತಿವೆ, ಮುಗ್ಸಿದ ಕೂಡ್ಲೆ ಕೆಲಸ ಗ್ಯಾರಂಟಿ ಅಂತಾರೆ. ಖರ್ಚು ಎಲ್ಲ ಸೇರಿ 45 ಲಕ್ಷ ಅಂತೆ. ಎಂಟೆಕ್ ಲೋನೇ ಇನ್ನೂ ತೀರಿಲ್ಲ, ಅಪ್ಪ ಹೊಲ ಅಡ ಇಡೋಣ ಅಂತಿದಾರೆ, ನಂಗೆ ಮನಸ್ಸಿಲ್ಲ. ಪಿಎಚ್‌ಡಿ ಮಾಡೋಕೆ ಇಷ್ಟ ಇದೆ, ಸೀದಾ ಕೆಲಸ ಸಿಕ್ರೂ ಹೋಗ್ತೀನಿ. ಈ ಫೀಲ್ಡ್‌ನಲ್ಲಿ ಹೊರಗಡೆ ಹೋಗಿರೋರು ಯಾರಾದ್ರೂ ಇದ್ರೆ ನಿಜ ಏನು ಅಂತ ಹೇಳಿ ಪ್ಲೀಸ್. ವಯಸ್ಸು 25.

ಮಿಡ್‌ವೆಸ್ಟ್_ಮಂಜ:

ಗುರೂ ಆ ಏಜೆಂಟ್ ಹತ್ರ ಒಂದೇ ಒಂದು ಪ್ರಶ್ನೆ ಕೇಳು, "ಪಾರ್ಟ್ 810 ಅಂದ್ರೆ ಗೊತ್ತಾ ಸರ್" ಅಂತ. ಗೊತ್ತಿಲ್ಲ ಅಂದ್ರೆ ಎದ್ದು ಬಾ.

ಅಮೆರಿಕದ ಎನರ್ಜಿ ಡಿಪಾರ್ಟ್‌ಮೆಂಟ್ ರೂಲ್ ಅದು. ರಿಯಾಕ್ಟರ್ ತಂತ್ರಜ್ಞಾನನ ಯಾವ್ಯಾವ ದೇಶದವ್ರ ಜೊತೆ ಹಂಚ್ಕೋಬೋದು ಅಂತ ಒಂದು ಪಟ್ಟಿ ಇದೆ, ಆ ಪಟ್ಟೀಲಿ ಇಂಡಿಯಾ ಇಲ್ಲ. ಪಟ್ಟೀಲಿ ಇಲ್ದಿರೋ ದೇಶಕ್ಕೆ ಅಂದ್ರೆ ಕೇಸ್ ಬೈ ಕೇಸ್ ಅನುಮತಿ ತಗೋಬೇಕು, 2025ರ ಮಾರ್ಚ್‌ನಲ್ಲಿ ಹೋಲ್ಟೆಕ್ ಕಂಪನಿ ಇಂಡಿಯಾದ ಎಲ್ ಆಂಡ್ ಟಿ, ಟಾಟಾ ಕನ್ಸಲ್ಟಿಂಗ್ ಇಂಜಿನಿಯರ್ಸ್‌ಗೆ ಎಸ್‌ಎಂಆರ್ (ಸಣ್ಣ ರಿಯಾಕ್ಟರ್) ಡಿಸೈನ್ ಕೊಡೋಕೆ ತಗೊಂಡಿದ್ದು ಇಂಥದ್ದೇ ಪರ್ಮಿಷನ್, ಪೇಪರ್‌ನಲ್ಲೆಲ್ಲ ಬಂದಿತ್ತು. ಮಜಾ ಏನಂದ್ರೆ ಈ ರೂಲ್ ಗಡಿ ದಾಟೋ ಫೈಲ್‌ಗೆ ಮಾತ್ರ ಅಲ್ಲ, ಅಮೆರಿಕದೊಳಗೆ ಅದೇ ಆಫೀಸಲ್ಲಿ ನಿನ್ ಪಕ್ಕದ ಟೇಬಲ್‌ನವ್ನು ನಿಂಗೆ ಡಿಸೈನ್ ಡ್ರಾಯಿಂಗ್ ತೋರ್ಸಿದ್ರೂ ಅದು "ಎಕ್ಸ್‌ಪೋರ್ಟ್" ಲೆಕ್ಕನೇ, ಯಾಕಂದ್ರೆ ನಿನ್ ಪಾಸ್‌ಪೋರ್ಟ್ ಇಂಡಿಯಾದ್ದು. ನಡೀತಿರೋ ಪ್ಲಾಂಟ್‌ಗಳಿಗೆ ಸ್ವಲ್ಪ ವಿನಾಯ್ತಿ ಇದೆ, ಹೊಸ ಡಿಸೈನ್ ಮಾಡೋ ಸ್ಟಾರ್ಟಪ್‌ಗೆ ಒಬ್ಬ ಫ್ರೆಶರ್‌ಗೋಸ್ಕರ ಸರ್ಕಾರಕ್ಕೆ ಅರ್ಜಿ ಹಾಕಿ ತಿಂಗಳುಗಟ್ಲೆ ಕಾಯೋ ಕರ್ಮ ಯಾಕೆ, ಪಟ್ಟೀಲಿರೋ ದೇಶದವ್ನನ್ನೋ ಸಿಟಿಜನ್‌ನೋ ತಗೊಂಡು ಸುಮ್ನಾಗ್ತಾರೆ. ಗ್ರೀನ್ ಕಾರ್ಡ್ ಬಂದ್ರೆ ಈ ಗೋಳು ಇಲ್ಲ, ಆದ್ರೆ ಇಂಡಿಯಾದಲ್ಲಿ ಹುಟ್ಟಿದೋರ ಗ್ರೀನ್ ಕಾರ್ಡ್ ಕ್ಯೂ ಕಥೆ ನಾನೇನು ಹೇಳೋದು ಬೇಡ.

ಅದಕ್ಕೆ ದುಡ್ಡು ಕಟ್ಟಿ ಎಂಎಸ್ ಮಾತ್ರ ಬೇಡ. ಪಿಎಚ್‌ಡಿ ಬೇರೆ ಮಾತು. ಯೂನಿವರ್ಸಿಟೀಲಿ ಪಬ್ಲಿಷ್ ಆಗೋ ಮೂಲ ಸಂಶೋಧನೆಗೆ ಈ ರೂಲ್ ಬರಲ್ಲ, ಮಿಶಿಗನ್, ವಿಸ್ಕಾನ್ಸಿನ್, ಟೆಕ್ಸಾಸ್ ಎ ಆಂಡ್ ಎಂ, ಎನ್‌ಸಿ ಸ್ಟೇಟ್, ಪರ್ಡ್ಯೂ, ಇಲಿನಾಯ್ ಎಲ್ಲಾ ಕಡೆ ನಮ್ಮೋರು ಇದಾರೆ. ಸರ್ಕಾರದ ನ್ಯೂಕ್ಲಿಯರ್ ಫೆಲೋಶಿಪ್ ಸಿಟಿಜನ್ನು, ಗ್ರೀನ್ ಕಾರ್ಡ್‌ನವ್ರಿಗೇ ಮೀಸಲು, ಅದನ್ನ ನೋಡಿ ಬೇಜಾರಾಗ್ಬೇಡ, ನಿಂಗೆ ಬೇಕಾಗಿರೋದು ಪ್ರೊಫೆಸರ್ ಗ್ರಾಂಟ್‌ನಿಂದ ಬರೋ ಆರ್‌ಎ (ರಿಸರ್ಚ್ ಅಸಿಸ್ಟೆಂಟ್ ಕೆಲಸ), ಅದ್ರಲ್ಲಿ ಟ್ಯೂಷನ್ ಮಾಫಿ ಆಗಿ ಮೇಲೆ ತಿಂಗಳ ಸ್ಟೈಪೆಂಡ್ ಬರುತ್ತೆ. ಮುಗಿದ್ಮೇಲೆ ಓಪಿಟಿ, ಅಂದ್ರೆ ಓದಿದ ವೀಸಾದಲ್ಲೇ ಕೆಲಸ ಮಾಡೋ ಅವಕಾಶ, 3 ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌1ಬಿಗೆ ಒಂದು ಲಕ್ಷ ಡಾಲರ್ ಫೀ ಅಂದ್ರಲ್ಲ, ಇಲ್ಲೇ ಎಫ್‌1 ಸ್ಟೂಡೆಂಟ್ ವೀಸಾದಲ್ಲಿ ಇದ್ದು ಬದಲಾಯ್ಸ್ಕೊಳ್ಳೋರಿಗೆ ಅದಿಲ್ಲ ಅಂತ ಆಮೇಲೆ ಕ್ಲಿಯರ್ ಮಾಡಿದ್ರು, ಆದ್ರೂ ಕಂಪನಿಗಳು ಹೆದ್ರಿವೆ. ನನ್ ಲ್ಯಾಬಲ್ಲಿ ಮುಗ್ಸಿದ ಇಂಡಿಯನ್ಸ್ ಜಾಸ್ತಿ ಜನ ರಿಯಾಕ್ಟರ್ ಬಿಟ್ಟು ಸಿಎಫ್‌ಡಿ ಸಾಫ್ಟ್‌ವೇರು, ಸೆಮಿಕಂಡಕ್ಟರು, ಆಸ್ಪತ್ರೆ ರೇಡಿಯೇಷನ್ ಕಡೆ ಹೋದ್ರು. ಅದೇನು ಕೆಟ್ಟದಲ್ಲ, ಆದ್ರೆ ಹೋಗೋಕ್ ಮುಂಚೆ ಗೊತ್ತಿರ್ಲಿ.

ಬೆಣ್ಣೆದೋಸೆ25:

ಅಣ್ಣ ಇದನ್ನ ಯಾರೂ ಹೇಳಿರ್ಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿ 810 ಕೇಳ್ದೆ, "ಅದು ಜಿಆರ್‌ಇ ಸ್ಕೋರಾ" ಅಂದ. 😂 ಹಾಗಾದ್ರೆ ಯುರೋಪ್ ಹೇಗೆ? ಅಲ್ಲಿ ಎಲ್ಲಾ ಕಡೆ ರಿಯಾಕ್ಟರ್ ಮುಚ್ತಿದಾರೆ ಅಂತಾರಲ್ಲ.

ಉಪ್ಸಾಲಾ_ಚಳಿ:

ತಮ್ಮಾ ಮುಚ್ಚಿದ್ದು ಜರ್ಮನಿ, ಕೊನೆ 3 ರಿಯಾಕ್ಟರ್ 2023ರ ಏಪ್ರಿಲ್ 15ಕ್ಕೆ ನಿಂತ್ವು. ಯುರೋಪ್ ಅಂದ್ರೆ ಜರ್ಮನಿ ಒಂದೇ ಅಲ್ಲ. ಫಿನ್‌ಲೆಂಡ್‌ನಲ್ಲಿ ಒಲ್ಕಿಲುಟೊ 3 ರಿಯಾಕ್ಟರ್ ಪೂರ್ತಿಯಾಗಿ ಶುರುವಾಗಿದ್ದೂ ಅದೇ ತಿಂಗಳು. ಫ್ರಾನ್ಸ್‌ನ ಫ್ಲಾಮನ್‌ವಿಲ್ 3 ಎಷ್ಟೋ ವರ್ಷ ತಡವಾಗಿ ಕೊನೆಗೂ 2024ರ ಡಿಸೆಂಬರ್‌ನಲ್ಲಿ ಗ್ರಿಡ್‌ಗೆ ಸೇರ್ತು. ಸ್ವೀಡನ್‌ನಲ್ಲಿ ರಿಂಗ್‌ಹಾಲ್ಸ್ ಹತ್ರ ಹೊಸ ಸಣ್ಣ ರಿಯಾಕ್ಟರ್ ಹಾಕೋಕೆ ವಾಟನ್‌ಫಾಲ್ ಕಂಪನಿ 2025ರಲ್ಲಿ ಜಿಇ ವರ್ನೋವಾ, ರೋಲ್ಸ್ ರಾಯ್ಸ್ ಎರಡನ್ನ ಕೊನೇ ಸುತ್ತಿಗೆ ಉಳಿಸ್ಕೊಂಡಿತ್ತು. ಜರ್ಮನೀಲೂ ಕೆಲಸ ನಿಂತಿಲ್ಲ, ಮುಚ್ಚಿದ್ದನ್ನ ಬಿಚ್ಬೇಕಲ್ಲ, ಕಾರ್ಲ್ಸ್‌ರೂಯ ಕೆಐಟಿ, ಡ್ರೆಸ್ಡನ್ ಹತ್ರ ರೋಸನ್‌ಡಾರ್ಫ್ ಎರಡೂ ಕಡೆ ಥರ್ಮಲ್ ಹೈಡ್ರಾಲಿಕ್ಸ್ (ನೀರು, ಶಾಖದ ಹರಿವು) ಗ್ರೂಪ್ ಜೋರಾಗೇ ಇವೆ.

ಮುಖ್ಯ ಮಾತು ಇದು. ಇಲ್ಲಿ ಪಿಎಚ್‌ಡಿ ಅಡ್ಮಿಷನ್ ಅಲ್ಲ, ನೌಕರಿ. ಜಾಹೀರಾತು ಬರುತ್ತೆ, ಕೊನೇ ದಿನಾಂಕ ಇರುತ್ತೆ, ಇಂಟರ್‌ವ್ಯೂ ಇರುತ್ತೆ, ಸಿಕ್ರೆ ಸಂಬಳ. ಫೀಸ್ ಅನ್ನೋದೇ ಇಲ್ಲ. ಸ್ವೀಡನ್‌ನಲ್ಲಿ ತಿಂಗಳಿಗೆ 30 ಸಾವಿರ ಕ್ರೋನರ್‌ಗಿಂತ ಮೇಲೆ, ಅದ್ರಲ್ಲಿ ಟ್ಯಾಕ್ಸ್ ಕಟ್ ಆಗುತ್ತೆ, ಪೆನ್ಷನ್ನು ರಜೆ ಎಲ್ಲ ಲೆಕ್ಕಕ್ಕೆ ಬರುತ್ತೆ, ಓದು 4 ವರ್ಷದ್ದು, ಪಾಠ ಮಾಡಿದ್ರೆ 5ರವರೆಗೆ ಎಳೀಬೋದು. ಜರ್ಮನೀಲೂ ಹಾಗೇ, ಸರ್ಕಾರಿ ಸ್ಕೇಲ್ ಇ13. ನಿನ್ ಹತ್ರ ಎಂಟೆಕ್ ಇರೋದ್ರಿಂದ ಮತ್ತೆ ಮಾಸ್ಟರ್ಸ್ ಬೇಕಾಗಿಲ್ಲ. ಸ್ವೀಡನ್‌ನಲ್ಲಿ ಮಾಸ್ಟರ್ಸ್‌ಗೆ ನಮ್ಮಂಥೋರು ಫೀಸ್ ಕಟ್ಬೇಕು, ಪಿಎಚ್‌ಡಿಗೆ ಅವರೇ ನಮಗೆ ಕೊಡ್ತಾರೆ, ಇದನ್ನ ಅಪ್ಪಂಗೆ ಮೊದ್ಲು ಹೇಳು, ಹೊಲದ ವಿಷ್ಯ ಅಲ್ಲಿಗೆ ಮುಗೀತು.

ಎಲ್ಲಿ ನೋಡೋದು ಅಂದ್ರೆ, ಕೆಟಿಎಚ್, ಚಾಲ್ಮರ್ಸ್, ಉಪ್ಸಾಲಾ ಮೂರರ ವೇಕೆನ್ಸಿ ಪೇಜು, ಫಿನ್‌ಲೆಂಡ್‌ಗೆ ಎಲ್‌ಯುಟಿ ಮತ್ತೆ ಆಲ್ಟೊ, ಬೆಲ್ಜಿಯಂನಲ್ಲಿ ಮೋಲ್ ಊರಿನ ಎಸ್‌ಸಿಕೆ ಸಿಇಎನ್ ಸಂಶೋಧನಾ ಕೇಂದ್ರ, ಸ್ವಿಟ್ಜರ್ಲೆಂಡ್‌ನಲ್ಲಿ ಪಿಎಸ್‌ಐ ಲ್ಯಾಬ್, ಎಲ್ಲ ಒಟ್ಗೆ ಬೇಕು ಅಂದ್ರೆ ಯೂರಾಕ್ಸೆಸ್ ವೆಬ್‌ಸೈಟು. ಫ್ರಾನ್ಸ್‌ನ ಸರ್ಕಾರಿ ಅಣು ಸಂಶೋಧನಾ ಸಂಸ್ಥೆ ಸಿಇಎ ಪ್ರತಿವರ್ಷ ಥೀಸಿಸ್ ವಿಷಯಗಳ ಪಟ್ಟೀನೇ ಹಾಕುತ್ತೆ, 3 ವರ್ಷದ ಕಾಂಟ್ರಾಕ್ಟು, ಸಾಮಾನ್ಯವಾಗಿ ಅಕ್ಟೋಬರ್ ಹೊತ್ಗೆ ಶುರು. ಅಲ್ಲಿ ಆಯ್ಕೆ ಆದ್ಮೇಲೂ ನಿರ್ಬಂಧಿತ ವಲಯಕ್ಕೆ ಬಿಡೋಕೆ ಸರ್ಕಾರದ ತನಿಖೆ ಇದೆ, ತಿಂಗಳುಗಳೇ ಹಿಡಿಯುತ್ತೆ, ಅದಕ್ಕೆ ಕೊನೇ ಗಳಿಗೇಲಿ ಅಪ್ಲೈ ಮಾಡೋದು ನಡಿಯಲ್ಲ. ಯುಕೆ ಆದ್ರೆ ಅಟಾಸ್ ಅನ್ನೋ ಭದ್ರತಾ ತಪಾಸಣೆ ಸರ್ಟಿಫಿಕೇಟ್ ಇಲ್ದೆ ವೀಸಾಗೇ ಹೋಗೋಹಾಗಿಲ್ಲ, ಫೀಸ್ ಏನಿಲ್ಲ ಆದ್ರೆ ಕಾಯ್ಬೇಕು. ಜೊತೆಗೆ ಯುಕೆಆರ್‌ಐ (ಅಲ್ಲಿನ ಸರ್ಕಾರಿ ಸಂಶೋಧನಾ ನಿಧಿ) ದುಡ್ಡಲ್ಲಿ ನಡ್ಯೋ ಪಿಎಚ್‌ಡಿ ಸೀಟಲ್ಲಿ ಹೊರದೇಶದೋರಿಗೆ 30 ಪರ್ಸೆಂಟ್ ಮಿತಿ ಇದೆ. ಹಿಂಕ್ಲಿ ಪಾಯಿಂಟ್ ಸಿ, ಸೈಜ್‌ವೆಲ್ ಸಿ ಅಂತ ಹೊಸ ಪ್ಲಾಂಟ್‌ಗಳಲ್ಲಿ ಕೆಲಸ ಏನೋ ಬೇಕಾದಷ್ಟಿದೆ, ಆದ್ರೆ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಅಲ್ಲಿ ವರ್ಷಗಟ್ಲೆ ವಾಸ ಮಾಡಿರ್ಬೇಕು ಅಂತಾರೆ, ಹೊಸಬರಿಗೆ ಕಷ್ಟ.

ಪಾಸ್‌ಪೋರ್ಟ್ ಗೋಳು ಇಲ್ಲೂ ಇಲ್ಲ ಅಂತಲ್ಲ, ಪ್ಲಾಂಟ್ ಒಳಗೆ ಹೋಗ್ಬೇಕಂದ್ರೆ ಎಲ್ರನ್ನೂ ಜಾಲಾಡ್ತಾರೆ. ಆದ್ರೆ ಯೂನಿವರ್ಸಿಟಿ ಸಂಶೋಧನೆಗೆ ಅಷ್ಟು ತಡೆ ನಾನು ನೋಡಿಲ್ಲ.

ಆಮೇಲೆ ಕೋಡ್‌ಗಳ ವಿಷ್ಯ. ನೀನು ಓಪನ್‌ಫೋಮ್ ಮಾಡಿರೋದು ನಿಜವಾಗ್ಲೂ ಪ್ಲಸ್ಸು. ಇಂಡಿಯಾದಲ್ಲಿ ನಮ್ ಹುಡುಗ್ರು ಎಂಸಿಎನ್‌ಪಿ (ನ್ಯೂಟ್ರಾನ್ ಓಡಾಟದ ಲೆಕ್ಕ ಹಾಕೋ ಕೋಡ್) ಕೈಗೆ ಸಿಗ್ಲಿಲ್ಲ ಅಂತ ಕೊರಗ್ತಾರೆ, ಅದು ಅಮೆರಿಕದ ಓಕ್ ರಿಡ್ಜ್ ಲ್ಯಾಬ್‌ನಿಂದ ಲೈಸೆನ್ಸ್ ಮೇಲೆ ಬರೋದು, ಎಕ್ಸ್‌ಪೋರ್ಟ್ ಕಂಟ್ರೋಲ್ ಇದೆ. ಯಾರದೋ ಪೆನ್‌ಡ್ರೈವ್‌ನಿಂದ ಬಂದ ಕಾಪೀನ ಸಿವಿಲಿ ಹಾಕ್ಕೊಂಡು ಬರೋರ್ನೂ ನೋಡಿದೀನಿ, ದಯವಿಟ್ಟು ಬೇಡ, "ಲೈಸೆನ್ಸ್ ಯಾರ ಹೆಸರಲ್ಲಿತ್ತು" ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರೆ ಮುಗೀತು. ಅದೇ ಥರ ಕೆಲಸ ಮಾಡೋ ಓಪನ್‌ಎಂಸಿ ಇದೆಯಲ್ಲ, ಎಂಐಟೀಲಿ ಹುಟ್ಟಿ ಈಗ ಆರ್ಗಾನ್ ನ್ಯಾಷನಲ್ ಲ್ಯಾಬ್‌ನವ್ರೂ ಸೇರಿ ಬೆಳೆಸ್ತಿರೋದು, ಪೂರ್ತಿ ಓಪನ್ ಸೋರ್ಸ್, ನ್ಯೂಕ್ಲಿಯರ್ ಡೇಟಾನೂ ಫ್ರೀಯಾಗೇ ಇಳಿಸ್ಕೋಬೋದು. ಮನೇಲಿ ಕೂತಿರೋ ಈ ತಿಂಗಳುಗಳಲ್ಲಿ ಅದ್ರಲ್ಲಿ ನಿನ್ ಪಿಎಚ್‌ಡಬ್ಲ್ಯೂಆರ್ ಚಾನಲ್ ಒಂದನ್ನ ಕಟ್ಟಿ, ಪವರ್ ಹಂಚಿಕೆ ತೆಗೆದು, ಅದನ್ನ ನಿನ್ ಓಪನ್‌ಫೋಮ್ ಕೇಸ್‌ಗೆ ಕೊಟ್ಟು ಓಡ್ಸು, ಎರಡೂ ಕೊಂಡಿ ಹಾಕಿದ್ದನ್ನ ಗಿಟ್‌ಹಬ್‌ಗೆ ಹಾಕು. ಇಲ್ಲಿ ಎಲ್ಲಾ ಗ್ರೂಪ್‌ಗಳು ಒದ್ದಾಡ್ತಿರೋದೇ ಈ ನ್ಯೂಟ್ರಾನಿಕ್ಸ್ (ನ್ಯೂಟ್ರಾನ್ ಲೆಕ್ಕ), ಥರ್ಮಲ್ ಹೈಡ್ರಾಲಿಕ್ಸ್ ಕೂಡ್ಸೋ ಕೆಲಸದಲ್ಲಿ. 8.3 ಸಿಜಿಪಿಎ ಇರೋರು ನೂರು ಜನ ಅಪ್ಲೈ ಮಾಡಿರ್ತಾರೆ, ಓಡೋ ಕೋಡ್ ತೋರ್ಸೋರು ಕಮ್ಮಿ.

ಡಾರ್ಲಿಂಗ್ಟನ್_ದಾರಿ:

ಮಾರಾಯ ಎಲ್ರೂ ಪಿಎಚ್‌ಡಿ ಪಿಎಚ್‌ಡಿ ಅಂತಿದಾರೆ, ಕೆಲಸನೇ ಬೇಕು ಅಂದ್ರೆ ಕೆನಡಾ ಕಡೆ ನೋಡು. ನಾನು ಕೈಗಾ ಹತ್ರದವ, ಮಲ್ಲಾಪುರ ಟೌನ್‌ಶಿಪ್ ಶಾಲೇಲೇ ಓದಿದ್ದು, ಈಗ ಆಂಟಾರಿಯೊದಲ್ಲಿ ಇದೀನಿ.

ನಮ್ ಪಿಎಚ್‌ಡಬ್ಲ್ಯೂಆರ್ ಹುಟ್ಟಿದ್ದೇ ಇಲ್ಲಿನ ಕ್ಯಾಂಡು ರಿಯಾಕ್ಟರ್‌ನಿಂದ. ರಾಜಸ್ಥಾನದ ರಾವತ್‌ಭಾಟಾ ಒಂದನೇ ಯುನಿಟ್ ಕೆನಡಾದವ್ರ ಜೊತೆ ಸೇರಿ ಕಟ್ಟಿದ್ದು, 1974ರ ಪೋಖ್ರಾನ್ ಆದ್ಮೇಲೆ ಅವ್ರು ಕೈ ಬಿಟ್ರು, ಮುಂದೆ ನಮ್ಮೋರು ಸ್ವಂತ ದಾರಿ ಮಾಡ್ಕೊಂಡ್ರು. ಕೈಗಾದ 220 ಮೆಗಾವ್ಯಾಟ್ ರಿಯಾಕ್ಟರ್‌ಗೆ 306 ಚಾನಲ್, ಇಲ್ಲಿ ಡಾರ್ಲಿಂಗ್ಟನ್‌ದಕ್ಕೆ 480, ಆದ್ರೆ ಪ್ರೆಶರ್ ಟ್ಯೂಬ್ ಎರಡೂ ಕಡೆ ವಯಸ್ಸಾದಂಗೆ ಉದ್ದ ಆಗುತ್ತೆ, ಜೋತು ಬೀಳುತ್ತೆ, ಹೈಡ್ರೋಜನ್ ಕುಡಿಯುತ್ತೆ. ಚಾನಲ್ ಎಲ್ಲ ಒಟ್ಗೆ ಬದಲಾಯ್ಸೋದಕ್ಕೆ ನಮ್ಮಲ್ಲಿ ಇಎಂಸಿಸಿಆರ್ ಅಂತಾರಲ್ಲ, ಇಲ್ಲಿ ಅದು ರಿಫರ್ಬಿಶ್‌ಮೆಂಟ್. ಡಾರ್ಲಿಂಗ್ಟನ್, ಬ್ರೂಸ್ ಎರಡೂ ಪ್ಲಾಂಟ್‌ಗಳಲ್ಲಿ ವರ್ಷಗಟ್ಲೆ ಇದೇ ಕೆಲಸ ನಡೆದಿದೆ. ಅಂದ್ರೆ ನಿನ್ ಥೀಸಿಸ್ ಓದಿ ಅರ್ಥ ಮಾಡ್ಕೊಳ್ಳೋ ಜನ ಪ್ರಪಂಚದಲ್ಲಿ ಜಾಸ್ತಿ ಇರೋದು ಇಲ್ಲೇ, ಅಮೆರಿಕದಲ್ಲಿ "ಅಡ್ಡ ಮಲಗಿರೋ ರಿಯಾಕ್ಟರಾ" ಅಂತ ಕೇಳ್ತಾರೆ. ಇದ್ರ ಮೇಲೆ ಡಾರ್ಲಿಂಗ್ಟನ್‌ನಲ್ಲೇ ಬಿಡಬ್ಲ್ಯೂಆರ್‌ಎಕ್ಸ್ 300 ಅನ್ನೋ ಎಸ್‌ಎಂಆರ್‌ಗೆ 2025ರ ಏಪ್ರಿಲ್‌ನಲ್ಲಿ ಕನ್‌ಸ್ಟ್ರಕ್ಷನ್ ಲೈಸೆನ್ಸ್ ಸಿಕ್ತು, ಒಟ್ಟು 4 ಪ್ಲಾನ್.

ಇಂಡಿಯಾದಿಂದ ಕೂತು ಅಪ್ಲೈ ಮಾಡಿದ್ರೆ ಯಾರೂ ಕರಿಯಲ್ಲ, ಇದನ್ನೂ ಹೇಳ್ಬಿಡ್ತೀನಿ. ಒಳಗೆ ಬಂದಿರ್ಬೇಕು. ಮೆಕ್‌ಮಾಸ್ಟರ್‌ನಲ್ಲಿ ಕ್ಯಾಂಪಸ್ಸಲ್ಲೇ ರಿಸರ್ಚ್ ರಿಯಾಕ್ಟರ್ ಇದೆ, ಒಶಾವಾದಲ್ಲಿ ಆಂಟಾರಿಯೊ ಟೆಕ್ ಇದೆ, ಡಾರ್ಲಿಂಗ್ಟನ್ ಅಲ್ಲಿಂದ ಹತ್ರನೇ. ಫಂಡಿಂಗ್ ಇರೋ ರಿಸರ್ಚ್ ಮಾಸ್ಟರ್ಸೋ ಪಿಎಚ್‌ಡೀನೋ ಹಿಡ್ಕೊಂಡು ಬಂದ್ರೆ ಇಂಟರ್ನ್‌ಶಿಪ್, ಅಲ್ಲಿಂದ ಓಪಿಜಿ (ಡಾರ್ಲಿಂಗ್ಟನ್ ನಡೆಸೋರು), ಬ್ರೂಸ್ ಪವರ್, ಅಟ್ಕಿನ್ಸ್‌ರಿಯಾಲಿಸ್, ಕೈನೆಕ್ಟ್ರಿಕ್ಸ್ ಅಂತ ಕಂಪನಿಗಳ ದಾರಿ ತೆರೆಯುತ್ತೆ. ಸೈಟ್ ಕ್ಲಿಯರೆನ್ಸ್‌ಗೆ ಹಿಂದೆ ಎಲ್ಲೆಲ್ಲಿದ್ದೆ, ಏನ್ ಮಾಡ್ತಿದ್ದೆ ಎಲ್ಲ ಕೇಳ್ತಾರೆ, ಗುಜರಾತ್ ಹಾಸ್ಟೆಲ್ ವಿಳಾಸ, ವಾರ್ಡನ್ ಹೆಸರು ಈಗ್ಲೇ ಬರೆದಿಟ್ಕೊ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಹೇಗೂ ಬೇಕು. ಆಂಟಾರಿಯೊದಲ್ಲಿ ಪಿ.ಇಂಜ್ (ಇಂಜಿನಿಯರ್ ಆಗಿ ಕೆಲಸ ಮಾಡೋ) ಲೈಸೆನ್ಸ್‌ಗೆ ಕೆನಡಾ ಅನುಭವ ಕಡ್ಡಾಯ ಅನ್ನೋ ರೂಲ್‌ನ 2023ರಲ್ಲಿ ತೆಗೆದ್ರು, ಅದೊಂದು ಒಳ್ಳೇದಾಯ್ತು. ಬಾಡಿಗೆ ಮಾತ್ರ ಕೇಳ್ಬೇಡ.

ಹಳೇ_ಟ್ರೈನಿ:

ನೋಡಪ್ಪಾ ಎಲ್ರೂ ಹೊರಗಡೆ ದಾರಿ ತೋರಿಸ್ತಿದಾರೆ, ಒಳಗಿನ ಬಾಗಿಲು ಮುಚ್ಚೋ ದಿನ ಯಾವ್ದು ಅಂತ ಯಾರೂ ಹೇಳ್ಲಿಲ್ಲ. ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಟ್ರೈನಿಂಗ್ ಸ್ಕೂಲ್‌ನ ಒಸಿಇಎಸ್ ಕೋರ್ಸ್‌ಗೆ ಜನರಲ್ ಕೆಟಗರಿ ವಯೋಮಿತಿ 26, ಒಬಿಸಿಗೆ 29. ನಿಂಗೆ ಈಗ 25. ಜನರಲ್ ಆಗಿದ್ರೆ ಇನ್ನೊಂದು ಸಲ ಬರಿಯೋಕಾದ್ರೂ ಆಗುತ್ತಾ ಅಂತ ಹುಟ್ಟಿದ ದಿನಾಂಕ ಹಿಡ್ಕೊಂಡು ಇವತ್ತೇ ನೋಡು. ಯುರೋಪಿನ ಪಿಎಚ್‌ಡಿ 30ರಲ್ಲೂ ಸಿಗುತ್ತೆ, ಇದು ಸಿಗಲ್ಲ. ಒಂದು ವರ್ಷ ಟ್ರೈನಿಂಗ್, ಸ್ಟೈಪೆಂಡ್ ಕೊಡ್ತಾರೆ, ಆಮೇಲೆ ಸೈಂಟಿಫಿಕ್ ಆಫೀಸರ್ ಪೋಸ್ಟು, 3 ವರ್ಷ ಬಾಂಡ್. ಒಳಗಿದ್ಕೊಂಡೇ ಅವ್ರದ್ದೇ ಯೂನಿವರ್ಸಿಟಿ ಎಚ್‌ಬಿಎನ್‌ಐನಲ್ಲಿ ಪಿಎಚ್‌ಡಿ ಮಾಡ್ಬೋದು. ರಿಯಾಕ್ಟರ್ ನಡೆಸೋ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಗೇಟ್ ಸ್ಕೋರ್ ಮೇಲೆ ತಗೊಳ್ಳುತ್ತೆ, ನಿಂದು ಬಿಇ ಮೆಕ್ಯಾನಿಕಲ್ ಆಗಿರೋದು ಅಲ್ಲಿ ಅನುಕೂಲನೇ.

ಆದ್ರೆ ಕಣ್ಮುಚ್ಕೊಂಡು ಸೇರು ಅಂತಾನೂ ಹೇಳಲ್ಲ. ಒಂದ್ಸಲ ಡಿಎಇ (ಅಣುಶಕ್ತಿ ಇಲಾಖೆ) ಒಳಗೆ ಬಂದ್ರೆ ಪಾಸ್‌ಪೋರ್ಟ್‌ಗೂ ಎನ್‌ಒಸಿ, ಹೊರದೇಶಕ್ಕೆ ಅಂದ್ರೆ ಮೇಲಿನವ್ರ ಅನುಮತಿ, ಬಿಟ್ಟು ಬಂದ್ಮೇಲೂ ವೀಸಾ ಕೌಂಟರ್‌ನಲ್ಲಿ ಹಳೇ ಕೆಲಸದ ಬಗ್ಗೆ ಜಾಸ್ತಿ ಪ್ರಶ್ನೆ. ಬಿಎಆರ್‌ಸಿ, ಕಲ್ಪಾಕ್ಕಂನ ಐಜಿಸಿಎಆರ್ ಎರಡನ್ನೂ ಅಮೆರಿಕ ತನ್ನ ಎಂಟಿಟಿ ಲಿಸ್ಟ್ (ರಫ್ತು ನಿರ್ಬಂಧದ ಪಟ್ಟಿ)ನಿಂದ ತೆಗೆದಿದ್ದೇ 2025ರ ಜನವರೀಲಿ, ಅಲ್ಲೀವರೆಗೂ ಹೆಸರು ನೋಡಿದ್ರೇ ಹುಬ್ಬೇರಿಸ್ತಿದ್ರು. ಹೊರಗೇ ಹೋಗ್ಬೇಕು ಅಂತ ಮನಸ್ಸು ಗಟ್ಟಿ ಇದ್ರೆ ಸೇರೋಕ್ ಮುಂಚೆ ಹೋಗೋದು ಸುಲಭ, ಸೇರಿ ಬಿಟ್ಟು ಹೋಗೋದು ಸುಲಭ ಅಲ್ಲ.

ಇನ್ನೊಂದು, 2025ರ ಡಿಸೆಂಬರ್‌ನಲ್ಲಿ ಶಾಂತಿ ಕಾಯ್ದೆ ಪಾಸಾಗಿ 1962ರ ಅಟಾಮಿಕ್ ಎನರ್ಜಿ ಆಕ್ಟ್ ಹೋಯ್ತು, ಖಾಸಗಿ ಕಂಪನಿಗಳಿಗೂ ರಿಯಾಕ್ಟರ್ ಕ್ಷೇತ್ರ ತೆರೀತು. 2047ಕ್ಕೆ 100 ಗಿಗಾವ್ಯಾಟ್ ಅಂತ ಗುರಿ ಇಟ್ಟಿದಾರೆ, ಅಷ್ಟಾಗುತ್ತೆ ಅಂತ ನಾನು ನಂಬಲ್ಲ, ಅರ್ಧ ಆದ್ರೂ ಜನ ಬೇಕು. ಕೈಗಾ 5, 6ಕ್ಕೆ ಮೇಘಾ ಇಂಜಿನಿಯರಿಂಗ್‌ನವ್ರಿಗೆ 12,800 ಕೋಟಿ ಆರ್ಡರ್ ಹೋಗಿದೆ. ಹೊರಗೆ ಪಿಎಚ್‌ಡಿ ಮಾಡ್ಕೊಂಡು ನಾಲ್ಕೈದು ವರ್ಷದಲ್ಲಿ ವಾಪಸ್ ಬರೋನಿಗೆ ಆ ಹೊತ್ಗೆ ಇಲ್ಲೂ ಕೇಳೋರು ಇರ್ತಾರೆ.

ಕೋಡ್_ಕಾಮತ್:

ನಂದೊಂದು ಚಿಕ್ಕ ಮಾತು. ನ್ಯೂಕ್ಲಿಯರ್ ಅಂತ ಹಟ ಯಾಕೆ, ಓಪನ್‌ಫೋಮ್ ಬರುತ್ತೆ ಅಂದ್ರೆ ಬೆಂಗಳೂರಲ್ಲೇ ಟರ್ಬೈನು, ಏರೋಸ್ಪೇಸ್, ಬ್ಯಾಟರಿ ಕೂಲಿಂಗ್ ಅಂತ ಸಿಎಫ್‌ಡಿ ಕೆಲಸ ಇದೆ, ಒಂದೆರಡು ವರ್ಷ ಮಾಡಿ ಲೋನ್ ತೀರ್ಸಿ ಆಮೇಲೆ ಪಿಎಚ್‌ಡಿಗೆ ಹಾಕು. ಗ್ಯಾಪ್‌ಗಿಂತ ವಾಸಿ.

ಮಿಡ್‌ವೆಸ್ಟ್_ಮಂಜ:

ಕಾಮತ್ರು ಹೇಳಿದ್ದು ಸರಿ ಇದೆ. ಇನ್ನೆರಡು ಹೆಸ್ರು ಬಿಟ್ಟೋಗಿತ್ತು. ಐಟರ್, ಫ್ರಾನ್ಸ್‌ನ ಕಡರಾಶ್‌ನಲ್ಲಿರೋ ಫ್ಯೂಷನ್ ಪ್ರಾಜೆಕ್ಟು, ಇಂಡಿಯಾ ಅದ್ರ ಸದಸ್ಯ ದೇಶ, ಅಲ್ಲಿ ನಮ್ ಪಾಸ್‌ಪೋರ್ಟ್ ಅಡ್ಡಿ ಅಲ್ಲ ಅರ್ಹತೆ. ಅದ್ರ ಕ್ರಯೋಸ್ಟ್ಯಾಟ್ ಎಲ್ ಆಂಡ್ ಟಿಯವ್ರು ಹಜೀರಾದಲ್ಲೇ ಮಾಡಿ ಕಳ್ಸಿದ್ದು, ಗಾಂಧಿನಗರದ ಐಟರ್ ಇಂಡಿಯಾ ನಿನ್ ಕಾಲೇಜ್ ಕಡೇನೇ ಇರೋದಲ್ವಾ, ಅಲ್ಲಿ ಯಾರಾದ್ರೂ ಪರಿಚಯ ಇದ್ರೆ ಮಾತಾಡು. ಇನ್ನೊಂದು ಅಬುಧಾಬಿ, ಬರಾಕಾದಲ್ಲಿ 4 ರಿಯಾಕ್ಟರ್ ಓಡ್ತಿವೆ, ಒಟ್ಟು 5600 ಮೆಗಾವ್ಯಾಟ್. ಕೆಲಸಕ್ಕೆ ಅನುಭವ ಇರೋರ್ನೇ ತಗೊಳ್ಳೋದು, ಖಲೀಫಾ ಯೂನಿವರ್ಸಿಟಿ ಪಿಎಚ್‌ಡಿಗೆ ಮಾತ್ರ ಹೊರದೇಶದೋರಿಗೂ ಸ್ಕಾಲರ್‌ಶಿಪ್ ಇದೆ.

ಬೆಣ್ಣೆದೋಸೆ25:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಳೇ ಟ್ರೈನಿ ಸರ್, ನಂದು ಒಬಿಸಿ, ಹಾಗಾಗಿ ಟೈಮ್ ಇದೆ, ಗೇಟ್‌ಗೆ ಅಪ್ಲೈ ಮಾಡ್ತೀನಿ. ಓಪನ್‌ಎಂಸಿ ಇನ್‌ಸ್ಟಾಲ್ ಮಾಡ್ದೆ, ಒಂದು ಪಿನ್ ಸೆಲ್ (ಒಂದೇ ಫ್ಯುಯಲ್ ಕಡ್ಡಿಯ ಮಾದರಿ) ಓಡ್ತು. ಅಮೆರಿಕ ಎಂಎಸ್ ಕೈ ಬಿಟ್ಟೆ, ಅಪ್ಪಂಗೆ "ಪಿಎಚ್‌ಡಿಗೆ ಅವರೇ ಸಂಬಳ ಕೊಡ್ತಾರೆ" ಅಂದ್ರೆ ನಂಬ್ತಾನೇ ಇಲ್ಲ, ಯಾರೋ ಮೋಸ ಮಾಡ್ತಿದಾರೆ ಅಂತಾರೆ.

ಉಪ್ಸಾಲಾ ಅಕ್ಕ, ಸ್ವೀಡನ್‌ನ ಒಬ್ರು ಪ್ರೊಫೆಸರ್‌ಗೆ ಮೇಲ್ ಹಾಕೋಣ ಅಂತಿದೀನಿ. "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್" ಅಂತ ಶುರು ಮಾಡಿದೀನಿ. ಸರೀನಾ?

ಉಪ್ಸಾಲಾ_ಚಳಿ:

ಅಯ್ಯೋ ಬೇಡ ಮಾರಾಯ 😄 ಇಲ್ಲಿ ಪ್ರೊಫೆಸರ್‌ನ ಎಲ್ರೂ ಹೆಸರು ಹಿಡಿದೇ ಕರೆಯೋದು, ಮೇಲ್‌ನಲ್ಲಿ ಡಿಯರ್ ಪ್ರೊಫೆಸರ್ ಅಂತ ಹಾಕಿ ಸರ್‌ನೇಮ್ ಬರೀ, ಸಾಕು. ಎಸ್ಟೀಮ್ಡ್ ಅಂತ ಕಂಡ್ರೆ ನೂರು ಜನಕ್ಕೆ ಒಟ್ಗೆ ಕಳ್ಸಿದ ಮೇಲ್ ಅನ್ಕೊಂಡು ಅಳಿಸ್ತಾರೆ. ಮೊದಲ ಸಾಲಲ್ಲೇ ಅವ್ರ ಇತ್ತೀಚಿನ ಪೇಪರ್ ಒಂದರಲ್ಲಿ ನಿನ್ ಕೆಲಸಕ್ಕೆ ತಾಗೋ ಜಾಗ ಯಾವ್ದು ಅಂತ ಹೇಳು, ಎರಡನೇದ್ರಲ್ಲಿ ನೀನು ಮಾಡಿದ್ದೇನು, ಆಮೇಲೆ ಗಿಟ್‌ಹಬ್ ಕೊಂಡಿ, ಮುಂದಿನ 6 ತಿಂಗಳಲ್ಲಿ ಪೊಸಿಷನ್ ಬರೋ ಹಾಗಿದ್ಯಾ ಅನ್ನೋ ಪ್ರಶ್ನೆ, ಮುಗೀತು. ಎಂಟು ಸಾಲು ದಾಟ್ಬಾರ್ದು. ಉತ್ತರ ಬರ್ದಿದ್ರೆ ಎರಡು ವಾರ ಬಿಟ್ಟು ಒಂದ್ಸಲ ನೆನಪಿಸು, ಆಮೇಲೆ ಬಿಟ್ಬಿಡು. ಇನ್ನೊಂದು, ಬರೀ ಮೇಲ್ ಹಾಕಿದ್ರೆ ಅಪ್ಲೈ ಮಾಡ್ದಂಗೆ ಅಲ್ಲ, ಜಾಹೀರಾತು ಬಂದಾಗ ಪೋರ್ಟಲ್‌ನಲ್ಲಿ ಹಾಕ್ಲೇಬೇಕು.

ರೆಫರೆನ್ಸ್‌ಗೆ ಗೈಡ್ ಹೆಸ್ರು ಕೊಡ್ತೀಯಲ್ಲ, ಅವ್ರ ಕಾಲೇಜ್ ಇಮೇಲ್ ಕೊಡು, ಜಿಮೇಲ್ ಬೇಡ, ಕೊಡೋಕ್ ಮುಂಚೆ ಫೋನ್ ಮಾಡಿ ಹೇಳು. ಇಂಟರ್‌ವ್ಯೂಗೆ ಕರೆದ್ರೆ ಥೀಸಿಸ್ ಬಗ್ಗೆ ಕಾಲು ಗಂಟೆ ಮಾತಾಡು ಅಂತಾರೆ, ಮೆಶ್ (ಲೆಕ್ಕಕ್ಕೆ ಹಾಕೋ ಜಾಲರಿ) ಸಣ್ಣ ಮಾಡಿದಾಗ ಉತ್ತರ ಎಷ್ಟು ಬದಲಾಯ್ತು, ಯಾವ ಪ್ರಯೋಗದ ಜೊತೆ ಹೋಲಿಸ್ದೆ ಅಂತ ಕೆದಕ್ತಾರೆ, ಹೊಂದಿಕೆ ಆಗ್ದಿರೋ ಗ್ರಾಫ್ ಇದ್ರೆ ಬಚ್ಚಿಡ್ಬೇಡ, ಯಾಕೆ ಹೊಂದಿಲ್ಲ ಅಂತ ನಿಂಗೆ ಅನ್ಸೋದನ್ನ ಹೇಳು.

ಅಪ್ಪಂಗೆ ಯಾವ್ದಾದ್ರೂ ಯೂನಿವರ್ಸಿಟಿ ಜಾಹೀರಾತು ತೆಗೆದು ಸಂಬಳ ಅಂತ ಬರೆದಿರೋ ಸಾಲು ತೋರ್ಸು, ಬೇಕಿದ್ರೆ ನಂಗೆ ಮೆಸೇಜ್ ಮಾಡು ನಾನೇ ಅವ್ರ ಹತ್ರ ಮಾತಾಡ್ತೀನಿ. ವಿಟಿಯು ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿದೀಯಾ? ಇಲ್ಲ ಅಂದ್ರೆ ಮೇಲ್ ಬರೆಯೋದು ಬಿಟ್ಟು ಮೊದ್ಲು ಅದನ್ನ ಮಾಡು.